ಹತ್ತು ಸಾವಿರ ಅಡಿಯ ಮೇಲೂ ಇನ್ನೂರೈವತ್ತು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ಅವಳ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ವೈಂಡಿಂಗ್ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅರವತ್ತೆರಡಾಗಿದ್ದ ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಹದಿನಾಲ್ಕು ಕಡಿದಾದ ಮೆಟ್ಟಿಲು. ಅಂಗಡಿಯ ತುಂಬ ವಾರ್ನಿಷ್ ವಾಸನೆ, ತಾಮ್ರದ ತಂತಿಯ ಉರುಳೆಗಳು, ಹೊಟ್ಟೆ ಬಗೆದಿಟ್ಟ ಫ್ಯಾನುಗಳು ಮತ್ತು ಪಂಪುಗಳು.

ಕೆಲಸದಲ್ಲಿ ಅವಳಿಗೆ ಎರಡು ಹಠಗಳಿದ್ದವು. ಒಂದು, ಗಿರಾಕಿ ಹೇಳಿದ್ದನ್ನು ನಂಬಕೂಡದು. ‘ನಿನ್ನೆಯವರೆಗೂ ಚೆನ್ನಾಗಿಯೇ ಓಡ್ತಿತ್ತು’ ಎನ್ನುವವನೇ ಮೊನ್ನೆ ಅದನ್ನು ಮೆಟ್ಟಿಲ ಮೇಲಿಂದ ಬೀಳಿಸಿರುತ್ತಾನೆ ಎಂಬುದು ನಲವತ್ತು ವರ್ಷದ ಅನುಭವ. ಇನ್ನೊಂದು, ಸದ್ಯಕ್ಕೆ ನಡೆದರೆ ಸಾಕು ಎಂದು ಟೇಪು ಸುತ್ತಿ ಕಳಿಸಕೂಡದು. ದೋಷ ಎಲ್ಲಿದೆಯೆಂದು ಕಂಡುಹಿಡಿಯುವವರೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಜಂಬವೂ ಇತ್ತು ಅನ್ನಿ. ಬೇರೆಯವರು ಕೈಚೆಲ್ಲಿದ ಮೋಟಾರು ತನ್ನ ಮೇಜಿನ ಮೇಲೆ ಗುಂಯ್‌ಗುಡುವಾಗ ಅವಳ ಮುಖ ನೋಡಬೇಕಿತ್ತು.

ಮೇಲಿನ ಮನೆಯಲ್ಲಿ ಅವಳ ಜೊತೆ ಇದ್ದವನು ತಮ್ಮ, ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನಿಗೆ ಹತ್ತು ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಇಲ್ಲವಾದ್ದರಿಂದ ಇವಳೇ ಅವನಿಗೆ ತಾಯಿ, ಇವಳೇ ತಂದೆ. ಮದುವೆಯ ಮಾತು ಒಂದೆರಡು ಸಲ ಬಂದದ್ದುಂಟು. ತಮ್ಮನನ್ನು ಏನು ಮಾಡುವುದು ಎಂಬಲ್ಲಿಗೆ ಅದು ನಿಂತುಹೋಗುತ್ತಿತ್ತು. ತಮ್ಮ ಮದುವೆಯಾದ. ಬಂದವಳು ಮೂರು ವರ್ಷ ಇದ್ದು, ಇವನ ಶಿಫ್ಟುಗಳಿಗೂ ಅಕ್ಕನ ನಾಲಿಗೆಗೂ ಬೇಸತ್ತು ತನ್ನ ದಾರಿ ನೋಡಿಕೊಂಡಳು. ಆ ವಿಷಯದಲ್ಲಿ ಅವಳದು ಎಳ್ಳಷ್ಟೂ ತಪ್ಪಿಲ್ಲವೆಂದು ಅಕ್ಕನೇ ಒಪ್ಪುತ್ತಿದ್ದಳು.

ತಮ್ಮ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಡಿಪೊದವರು ಎಲ್ಲ ಬಸ್ಸುಗಳಿಗೂ ಸ್ಪೀಡ್ ಗವರ್ನರ್ ಕೂರಿಸಿ, ಎಷ್ಟು ತುಳಿದರೂ ಗಾಡಿ ಅರವತ್ತು ದಾಟದ ಹಾಗೆ ಮಾಡಿದಾಗ ಉಳಿದ ಡ್ರೈವರುಗಳೆಲ್ಲ ಕೂಗಾಡಿದ್ದರು. ಇವನು ಮಾತ್ರ ನಿಧಾನವಾಗಿ ಹೋದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ಸುಮ್ಮನಿದ್ದ. ಅವನಿಗೂ ತನ್ನದೇ ಹಠಗಳಿದ್ದವು. ಹಿಡಿದ ಟ್ರಿಪ್ಪನ್ನು ಅರ್ಧಕ್ಕೆ ಬಿಡುವವನಲ್ಲ. ಆದರೆ ದೋಷವಿರುವ ಗಾಡಿಯನ್ನು ಜನರನ್ನು ಕೂರಿಸಿಕೊಂಡು ಓಡಿಸುವವನೂ ಅಲ್ಲ. ಹೊರಟ ಮೇಲೆ ಗೊತ್ತಾದರೆ, ಸೀಟಿನಲ್ಲಿದ್ದವರು ಎಷ್ಟೇ ಬೈಯಲಿ, ತಿರುಗಿಸಿ ವಾಪಸ್ ತಂದು ನಿಲ್ಲಿಸುತ್ತಿದ್ದ.

ಐವತ್ತನೆಯ ವಯಸ್ಸಿನಲ್ಲಿ ಒಂದು ದಿನ ನಿಲ್ದಾಣದಲ್ಲೇ ತಲೆಸುತ್ತಿ ಕುಸಿದ. ಹೃದಯದ ವಾಲ್ವು ಕಿರಿದಾಗಿದೆ, ರಕ್ತ ಸರಿಯಾಗಿ ಹೊರಗೆ ಹೋಗುತ್ತಿಲ್ಲ ಎಂದರು. ಮಾತ್ರೆ ಬರೆದುಕೊಟ್ಟು, ಸ್ಟೇರಿಂಗ್ ಮುಟ್ಟಬಾರದೆಂದು ಕಾಗದಕ್ಕೆ ಸಹಿ ಹಾಕಿದರು. ಎರಡು ತಿಂಗಳು ಅವನು ಕಿಟಕಿಯ ಬಳಿ ಕೂತು ಹೋಗಿಬರುವ ಬಸ್ಸುಗಳ ನಂಬರು ಓದುತ್ತಿದ್ದ. ಅವನ ಮುಖ ನೋಡಲಾಗದೆ ಡಿಪೊದ ಗೆಳೆಯನೊಬ್ಬ ತನ್ನ ಹಳೆಯ ಕಂಪ್ಯೂಟರು, ಅದರೊಳಗೆ ವಿಮಾನ ಹಾರಿಸುವ ಒಂದು ಆಟ, ವಿಮಾನ ತಿರುಗಿಸುವ ಕೋಲು, ವೇಗ ಏರಿಸಿ ಇಳಿಸುವ ಸನ್ನೆಗೋಲು ಎಲ್ಲವನ್ನೂ ತಂದುಕೊಟ್ಟ.

ಆಟವೆಂದರೆ ಸುಮ್ಮನೆ ಆಟವಲ್ಲ. ನೂರೆಂಬತ್ತು ಸೀಟಿನ ವಿಮಾನ, ನಿಜವಾದದ್ದರಲ್ಲಿ ಎಷ್ಟು ಗುಂಡಿಗಳಿವೆಯೋ ಅಷ್ಟೂ ಗುಂಡಿಗಳು. ಜೀವನದಲ್ಲಿ ಒಮ್ಮೆಯೂ ವಿಮಾನ ಹತ್ತದವನು ಮೂರು ತಿಂಗಳು ಪುಸ್ತಕ ಓದಿ ಕಲಿತ. ಆಮೇಲೆ ಭೂಮಿಯನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತೇನೆಂದು ಅರವತ್ತೆರಡು ಟ್ರಿಪ್ಪುಗಳ ಪಟ್ಟಿ ಮಾಡಿದ. ಸಂಜೆ ಐದಕ್ಕೆ ಅಕ್ಕ ಅಂಗಡಿಯ ಬಾಗಿಲೆಳೆದು ಮೇಲೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರಬೇಕು, ಕಂಡಕ್ಟರನ ಹಾಗೆ ‘ರೈಟ್’ ಅನ್ನಬೇಕು. ಅಲ್ಲಿಯವರೆಗೆ ಅವನು ಬ್ರೇಕು ಬಿಡುತ್ತಿರಲಿಲ್ಲ. ಮೈಗೆ ಹುಷಾರಿಲ್ಲದ ದಿನಗಳಲ್ಲಿ ಆಟ ಇರುತ್ತಿರಲಿಲ್ಲ. ಆದರೂ ಐವತ್ತೊಂದು ಟ್ರಿಪ್ಪು ಮುಗಿದವು.

ಐವತ್ತೊಂದು ಮುಗಿದ ವಾರವೇ ಆಸ್ಪತ್ರೆಯ ಡಾಕ್ಟರಮ್ಮ ಕರೆಸಿ, ಮಾತ್ರೆಯ ಕಾಲ ಮುಗಿಯಿತು, ಎದೆ ತೆರೆದು ವಾಲ್ವು ಬದಲಿಸಲೇಬೇಕು, ತಡಮಾಡಿದಷ್ಟೂ ಹೃದಯ ಸೋಲುತ್ತದೆ ಎಂದರು. ತಮ್ಮ ನೆಲ ನೋಡುತ್ತಲೇ, ಇನ್ನು ಹನ್ನೊಂದು ಟ್ರಿಪ್ಪಿದೆ, ಅದು ಮುಗಿದ ಮಾರನೆಯ ಬೆಳಿಗ್ಗೆ ಬಂದು ಸೇರುತ್ತೇನೆ ಎಂದ. ಡಾಕ್ಟರಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಅಕ್ಕ ಲೆಕ್ಕ ಹಾಕಿದಳು: ಹನ್ನೊಂದು ಸಂಜೆ, ಹೆಚ್ಚೆಂದರೆ ಎರಡು ವಾರ. ತಮ್ಮ ಕೊಟ್ಟ ಮಾತಿಗೆ ತಪ್ಪಿದವನಲ್ಲ. ಹದಿನೈದು ದಿನದ ನಂತರದ ತಾರೀಖು ಬರೆಸಿಕೊಂಡು ಬಂದರು.

ಎಂಟು ಟ್ರಿಪ್ಪು ಎಂಟು ಸಂಜೆಯಲ್ಲಿ ಮುಗಿದವು. ಸಮುದ್ರದ ನಡುವಿನ ಒಂದು ದ್ವೀಪದವರೆಗೆ ಬಂದಿದ್ದರು. ಇನ್ನು ಮೂರೇ ಮೂರು. ಒಂಬತ್ತನೆಯ ಸಂಜೆ ಗಾಡಿ ಕೈಕೊಟ್ಟಿತು.

ಏನಾಯಿತೆಂದರೆ, ಹತ್ತು ಸಾವಿರ ಅಡಿ ಎತ್ತರದವರೆಗೆ ವಿಮಾನ ಇನ್ನೂರೈವತ್ತು ನಾಟ್ ವೇಗ ಮೀರಬಾರದೆಂದು ಒಂದು ನಿಯಮ. ಅದನ್ನು ದಾಟಿದ ಮೇಲೆ ಆಟೊಪೈಲಟ್ ತಾನಾಗಿಯೇ ಮೂತಿಯನ್ನು ಸ್ವಲ್ಪ ಬಗ್ಗಿಸಿ ಮುನ್ನೂರಕ್ಕೆ ಏರಿಸುತ್ತದೆ. ಪ್ರತಿ ಟ್ರಿಪ್ಪಿನಲ್ಲೂ ಹಾಗೇ ಆಗಿತ್ತು. ಅಂದು ಹತ್ತು ಸಾವಿರ ದಾಟಿತು, ಹನ್ನೆರಡು ದಾಟಿತು, ಇಪ್ಪತ್ತು ದಾಟಿತು. ವೇಗ ಇನ್ನೂರೈವತ್ತಕ್ಕೇ ಅಂಟಿಕೊಂಡು ಜಪ್ಪಯ್ಯ ಅಂದರೂ ಕದಲಲಿಲ್ಲ. ಗಾಡಿ ಪಿಕಪ್ ತೆಗೆದುಕೊಳ್ಳುತ್ತಿಲ್ಲ ಎಂದು ತಮ್ಮ ಹೇಳಿದ. ದೋಷವಿರುವ ಗಾಡಿಯಲ್ಲಿ ನೂರೆಂಬತ್ತು ಜನರನ್ನು ಸಮುದ್ರದ ಮೇಲೆ ಕರೆದುಕೊಂಡು ಹೋಗುವವನಲ್ಲವಲ್ಲ, ತಿರುಗಿಸಿ ಅದೇ ದ್ವೀಪದಲ್ಲಿ ತಂದಿಳಿಸಿದ. ಟ್ರಿಪ್ ಶೀಟಿನ ನೋಟುಬುಕ್ಕಿನಲ್ಲಿ ‘ದೋಷ, ವಾಪಸ್’ ಎಂದು ಬರೆದ.

ನಿಜ ಹೇಳಬೇಕೆಂದರೆ ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಒಂದು ವರ್ಷದಿಂದ ಅವನ ಎದೆಯಲ್ಲಿ ಕೆಟ್ಟಿದ್ದನ್ನು ಅವಳು ಕೈಕಟ್ಟಿ ನೋಡುತ್ತ ಕೂತಿದ್ದಳು. ತಂತಿ ಸುತ್ತುವ ಕೈ ಅಲ್ಲಿಗೆ ಸಲ್ಲುವಂತಿರಲಿಲ್ಲ. ಇದಾದರೋ ಯಂತ್ರ. ಯಂತ್ರ ಕೆಟ್ಟರೆ ಏನು ಮಾಡಬೇಕೆಂದು ಅವಳಿಗೆ ಗೊತ್ತು. ನಾಳೆಯೇ ಸರಿಮಾಡುತ್ತೇನೆಂದು ಮಾತುಕೊಟ್ಟಳು.

ತನ್ನ ಪದ್ಧತಿಯಂತೆ ದಿನಕ್ಕೊಂದು ಕಡೆ ಕೈಹಾಕಿದಳು, ಒಂದಕ್ಕಿಂತ ಹೆಚ್ಚು ಮುಟ್ಟಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮೊದಲ ದಿನ ವೇಗದ ಸನ್ನೆಗೋಲನ್ನು ಬಿಚ್ಚಿ ಒಳಗಿನ ಧೂಳು ಒರೆಸಿ ಜೋಡಿಸಿದಳು. ಎರಡನೆಯ ದಿನ ಅದರ ಕೇಬಲ್ಲು ಬದಲಿಸಿದಳು. ಮೂರನೆಯ ದಿನ ವಿಮಾನದ ಭಾರ ಕಡಿಮೆ ಮಾಡಿ ನೋಡಿದರು, ನಾಲ್ಕನೆಯ ದಿನ ಗಾಳಿ ಮಳೆ ಇಲ್ಲದ ಹವಾಮಾನ ಹಾಕಿ ನೋಡಿದರು. ಐದನೆಯ ದಿನ ಇಡೀ ಆಟವನ್ನೇ ಅಳಿಸಿ ಮತ್ತೆ ತುಂಬಿಸಿದ್ದಾಯಿತು. ಪ್ರತಿ ಸಂಜೆ ‘ರೈಟ್’ ಅನ್ನುವುದು, ಏರುವುದು, ಹತ್ತು ಸಾವಿರದಲ್ಲಿ ಉಸಿರು ಬಿಗಿಹಿಡಿದು ನೋಡುವುದು, ಮತ್ತೆ ದ್ವೀಪಕ್ಕೆ ವಾಪಸ್. ಅಷ್ಟರಲ್ಲಿ ಆಸ್ಪತ್ರೆಯ ತಾರೀಖು ಬಂದು ಹೋಯಿತು. ಅಕ್ಕ ಕೂಗಾಡಿದಳು. ಮಾತು ಅಂದರೆ ಮಾತು, ಮೂರು ಟ್ರಿಪ್ಪು ಮುಗಿಯಲಿ ಎಂದು ಅವನು ಕೂತಲ್ಲಿಂದ ಅಲ್ಲಾಡಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಈ ಆಟದವರೆಲ್ಲ ಒಬ್ಬರಿಗೊಬ್ಬರು ತೊಂದರೆ ಹೇಳಿಕೊಳ್ಳುವ ಒಂದು ಪುಟವಿತ್ತು. ಅಕ್ಕ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಅಲ್ಲಿ ತನ್ನ ರಾಮಾಯಣ ಬರೆದಳು. ನಿವೃತ್ತ ಮೇಷ್ಟ್ರೊಬ್ಬರು ಬಹಳ ಅಚ್ಚುಕಟ್ಟಾಗಿ ಐದು ಕಾರಣಗಳನ್ನು ಬರೆದು ಕಳಿಸಿದರು. ಅದರಲ್ಲಿ ಮೂರನೆಯದು: ಆಟೊಪೈಲಟ್ಟಿನ ದಾರಿಯ ಪುಟದಲ್ಲಿ ವೇಗಮಿತಿಯ ಸಾಲೊಂದಿರುತ್ತದೆ, ಅಲ್ಲಿ ಹತ್ತು ಸಾವಿರ ಅಡಿಯ ಬದಲು ಬೇರೆ ಎತ್ತರ ಸೇರಿಕೊಂಡಿದ್ದರೆ ಅಲ್ಲಿಯವರೆಗೂ ವಿಮಾನ ಇನ್ನೂರೈವತ್ತರಲ್ಲೇ ಹೋಗುತ್ತದೆ, ನೋಡಿ. ಅಕ್ಕ ಗಟ್ಟಿಯಾಗಿ ಓದಿದಳು. ಅದನ್ನು ನಾನಾಗಲೇ ನೋಡಿದ್ದೇನೆ, ಸರಿಯಾಗಿದೆ ಎಂದು ತಮ್ಮ ಹೇಳಿದ. ಅಕ್ಕ ಮೇಷ್ಟ್ರಿಗೆ ಅದನ್ನೇ ಬರೆದಳು. ಗಿರಾಕಿಯ ಮಾತನ್ನು ನಲವತ್ತು ವರ್ಷ ನಂಬದವಳು ತಮ್ಮನ ಮಾತನ್ನು ನಂಬದಿರುವುದು ಹೇಗೆ.

ಹಾಗಿದ್ದರೆ ಸದ್ಯಕ್ಕೆ ವೇಗದ ತಿರುಗಣೆಯನ್ನು ಕೈಯಿಂದಲೇ ತಿರುಗಿಸಿ ಮುನ್ನೂರಕ್ಕೆ ಇಟ್ಟುಕೊಂಡು ಹೋಗಿ, ದೋಷವನ್ನು ಆಮೇಲೆ ನಿಧಾನವಾಗಿ ಹುಡುಕಿದರಾಯಿತು ಎಂದು ಮೇಷ್ಟ್ರು ಮತ್ತೆ ಬರೆದರು. ಎಷ್ಟು ಸುಲಭ. ಬೇರೆ ಯಾವ ಮನೆಯಲ್ಲಾದರೂ ಅಂದೇ ಮುಗಿದುಹೋಗುತ್ತಿತ್ತು. ಆದರೆ, ಟೇಪು ಸುತ್ತಿ ಓಡಿಸುವುದಾ ಅಕ್ಕಾ ಎಂದು ತಮ್ಮ ಕೇಳಿದ. ಅಕ್ಕನ ಮುಖ ಬಿಗಿಯಿತು. ಅವಳ ಮೇಜಿನ ಮೇಲೆ ಅಂಥ ಕೆಲಸ ಎಂದೂ ನಡೆದಿರಲಿಲ್ಲ. ಬೇಡ, ಹುಡುಕೋಣ ಎಂದುಬಿಟ್ಟಳು. ಇಲ್ಲಿ ಅವಳ ಜುಟ್ಟು ಹಿಡಿದು ಅಲ್ಲಾಡಿಸಬೇಕೆನಿಸುತ್ತದೆ. ಅವಳಿಗೇ ಆಮೇಲೆ ಹಾಗೆ ಎಷ್ಟೋ ಸಲ ಅನಿಸಿದೆ.

ಆಸ್ಪತ್ರೆಯವರು ಮತ್ತೆ ಕೊಟ್ಟ ಎರಡನೆಯ ತಾರೀಖು ಹತ್ತಿರ ಬಂದಾಗ ಅಲ್ಲಿಗೆ ಫೋನು ಮಾಡಿ ಇನ್ನೊಂದು ಹತ್ತು ದಿನ ಬೇಕೆಂದು ಕೇಳಿದವಳು ಅಕ್ಕನೇ. ಅಷ್ಟರಲ್ಲಿ ತಮ್ಮ ಹದಿನಾಲ್ಕು ಮೆಟ್ಟಿಲು ಹತ್ತಲು ಮೂರು ಕಡೆ ನಿಲ್ಲುತ್ತಿದ್ದ. ಹಗಲೆಲ್ಲ ಮಲಗಿರುತ್ತಿದ್ದ. ಐದು ಗಂಟೆಗೆ ಮಾತ್ರ ಎದ್ದು ಮುಖ ತೊಳೆದು ಕುರ್ಚಿಗೆ ಬರುತ್ತಿದ್ದ. ಹೀಗೆ ನಾಲ್ಕು ವಾರ ಕಳೆಯಿತು. ಅಂಗಡಿಯಲ್ಲಿ ಪಂಪುಗಳು ರಾಶಿ ಬಿದ್ದವು. ಅಕ್ಕ ಕನಸಲ್ಲೂ ಇನ್ನೂರೈವತ್ತು ಎಂದು ಕನವರಿಸುತ್ತಿದ್ದಳು.

ಐದನೆಯ ವಾರದಲ್ಲಿ ಒಂದು ಮಧ್ಯಾಹ್ನ ಡಿಪೊದಲ್ಲಿ ಹಳೆಯ ಕಂಡಕ್ಟರೊಬ್ಬನ ಬೀಳ್ಕೊಡುಗೆಯಿತ್ತು. ಗೆಳೆಯ ಕಾರು ತಂದು ತಮ್ಮನನ್ನು ಕರೆದುಕೊಂಡು ಹೋದ. ಅಕ್ಕ ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತಳು. ನಿನ್ನೆಯ ಟ್ರಿಪ್ಪು ದ್ವೀಪದ ನೆಲದ ಮೇಲೆ ಇಳಿಸಿದ ಹಾಗೆಯೇ ಉಳಿದಿತ್ತು. ಮೇಷ್ಟ್ರು ಹೇಳಿದ ಐದರಲ್ಲಿ ನಾಲ್ಕನ್ನು ಅವಳೇ ಕೈಯಾರೆ ನೋಡಿದ್ದಳು. ಉಳಿದದ್ದನ್ನೂ ಒಮ್ಮೆ ನೋಡಿಬಿಡೋಣವೆಂದು ದಾರಿಯ ಪುಟ ತೆರೆದಳು. ವೇಗಮಿತಿಯ ಸಾಲಿನಲ್ಲಿ ಇನ್ನೂರೈವತ್ತು ಎಂದಿತ್ತು. ಅದರ ಪಕ್ಕದಲ್ಲಿ ಎತ್ತರ ಮೂವತ್ತೊಂಬತ್ತು ಸಾವಿರ ಎಂದಿತ್ತು.

ಸಿಕ್ಕಿತು ಎಂದು ಅವಳು ಕುರ್ಚಿಯಲ್ಲೇ ನೆಟ್ಟಗಾದಳು. ಒಂದು ಕ್ಷಣ ಬರೀ ಸಂತೋಷ. ಆಮೇಲೆ ಮೇಷ್ಟ್ರಿಗೆ ಬರೆದು ಕೇಳಿದಳು, ಆ ಅಂಕಿಗಳು ಬೇರೆಯವಕ್ಕಿಂತ ದೊಡ್ಡ ಅಕ್ಷರದಲ್ಲಿವೆ, ಅದೂ ದೋಷದ ಲಕ್ಷಣವೇ ಎಂದು. ಮೇಷ್ಟ್ರು ಕೂಡಲೇ ಉತ್ತರಿಸಿದರು: ಕಂಪ್ಯೂಟರು ತಾನಾಗಿ ಹಾಕಿಕೊಂಡ ಅಂಕಿಗಳು ಚಿಕ್ಕದಾಗಿರುತ್ತವೆ. ಮನುಷ್ಯರು ಕೈಯಿಂದ ಒತ್ತಿ ಹಾಕಿದ್ದು ಮಾತ್ರ ದೊಡ್ಡದಾಗಿ ಕಾಣುತ್ತದೆ.

ಅಕ್ಕ ಆಟ ಮುಚ್ಚಿ ಹೊಸದಾಗಿ ತೆರೆದಳು. ಚಿಕ್ಕ ಅಂಕಿಯಲ್ಲಿ ಹತ್ತು ಸಾವಿರ. ಮತ್ತೆ ಮುಚ್ಚಿ ತೆರೆದಳು. ಹತ್ತು ಸಾವಿರ. ಅಂದರೆ ದಿನವೂ ಯಾರೋ ಹಾಕಬೇಕು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ.

ಆ ಸಂಜೆ ತಮ್ಮ ಮರಳಿದ ಮೇಲೆ ಅವಳು ಅಂಗಡಿಯ ಬಾಗಿಲು ಬೇಗ ಎಳೆದು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ತಮ್ಮ ಕುರ್ಚಿಯಲ್ಲಿ ಕೂತಿದ್ದ. ಮೆಟ್ಟಿಲ ಕಡೆ ಒಮ್ಮೆ ತಿರುಗಿ ಕಿವಿಗೊಟ್ಟ. ಆಮೇಲೆ ಒಂದೊಂದೇ ಅಂಕಿಯನ್ನು ನಿಧಾನವಾಗಿ ಒತ್ತಿ, ಪುಟ ಬದಲಿಸಿ, ಎರಡು ಕೈಗಳನ್ನೂ ತೊಡೆಯ ನಡುವೆ ಇಟ್ಟುಕೊಂಡು ಸುಮ್ಮನೆ ಕೂತ. ಬಸ್ಸಿನ ಡ್ರೈವರು ಕಾಣಲಿಲ್ಲ ಅಲ್ಲಿ. ಆಸ್ಪತ್ರೆಯ ಬೆಂಚಿನ ಮೇಲೆ ಹೀಗೇ ಕೈ ಇಟ್ಟುಕೊಂಡು ಕೂತಿದ್ದ ಒಂಬತ್ತು ವರ್ಷದವನು ಕಂಡ. ಅಂದು ಒಳಗೆ ಅಮ್ಮನಿಗೆ ಆಪರೇಷನ್ ನಡೆಯುತ್ತಿತ್ತು. ಅಮ್ಮ ಈಗ ಬರುತ್ತಾಳೆ ಎಂದು ಇಪ್ಪತ್ತು ವರ್ಷದ ಅಕ್ಕ ಗಂಟೆಗೊಮ್ಮೆ ಹೇಳುತ್ತಿದ್ದಳು. ಅಮ್ಮ ಬರಲಿಲ್ಲ. ಆ ದಿನದ ಬಗ್ಗೆ ಅವನು ಅಂದಿನಿಂದ ಒಂದು ಮಾತೂ ಆಡಿರಲಿಲ್ಲ. ಇವಳೂ ಕೆದಕಿರಲಿಲ್ಲ. ಮರೆತಿದ್ದಾನೆ ಅಂದುಕೊಂಡಿದ್ದಳು.

ಅವಳು ಸದ್ದು ಮಾಡುತ್ತ ಬಂದು ಪಕ್ಕದಲ್ಲಿ ಕೂತಳು. ‘ರೈಟ್’ ಅಂದಳು. ವಿಮಾನ ಏರಿತು, ಹತ್ತು ಸಾವಿರ ದಾಟಿತು, ಇನ್ನೂರೈವತ್ತರಲ್ಲೇ ಉಳಿಯಿತು. ಛೆ, ಇವತ್ತೂ ಇಲ್ಲವಲ್ಲ ಎಂದು ತಮ್ಮ ಹೇಳಿದ. ಅವನ ದನಿಯಲ್ಲಿದ್ದದ್ದು ಬೇಸರವಲ್ಲ, ನೆಮ್ಮದಿ ಎಂದು ಅವಳಿಗೆ ಆಗ ಕೇಳಿಸಿತು. ಐದು ವಾರದಿಂದ ಅದೇ ದನಿಯೇ ಇತ್ತು.

ಮಾರನೆಯ ದಿನವೆಲ್ಲ ಅವಳಿಗೆ ಕೆಲಸ ಓಡಲಿಲ್ಲ. ಕೋಪ ಬಂತು. ಐದು ವಾರ ನನ್ನನ್ನು ಮಂಗ ಮಾಡಿದನಲ್ಲ ಎಂದು ಹಲ್ಲು ಕಡಿದಳು. ಮರುಕ್ಷಣ ತಂತಿಯ ಉರುಳೆ ಕೆಳಗಿಟ್ಟಳು. ಕೇಳಿಬಿಡಲೇ ಅಂದುಕೊಂಡಳು. ಕೇಳಿದರೆ ಅವನು ‘ನಾನು ಹೋಗಲ್ಲ’ ಎಂದುಬಿಟ್ಟರೆ? ಬಾಯಿಬಿಟ್ಟು ಹೇಳಿದ ಮೇಲೆ ಅವನ ಹಠದ ಮುಂದೆ ಯಾರ ಮಾತೂ ನಡೆಯುವುದಿಲ್ಲ. ಹೇಳಿಲ್ಲದಿದ್ದರೆ ಕೊಟ್ಟ ಮಾತು ಇನ್ನೂ ಹಾಗೇ ಇರುತ್ತದೆ, ಟ್ರಿಪ್ಪು ಮುಗಿದರೆ ಬಂದೇ ಬರುತ್ತಾನೆ. ಯಂತ್ರಗಳ ಜೊತೆ ಬದುಕಿದವಳ ಲೆಕ್ಕ ಇದು. ಆ ಲೆಕ್ಕದಲ್ಲಿ ತಪ್ಪು ಅವಳಿಗೆ ಕಾಣಲಿಲ್ಲ.

ಸಂಜೆ ವಿಮಾನ ಏಳು ಸಾವಿರ ಅಡಿಯಲ್ಲಿದ್ದಾಗ ಮಾತ್ರೆಯ ಹೊತ್ತಾಯಿತು. ದಿನಾ ನೀರು ತಂದುಕೊಡುತ್ತಿದ್ದವಳು ಅಂದು ಮೊಣಕಾಲು ಹಿಡಿದಿದೆ, ನೀನೇ ಹೋಗಿ ಕುಡಿದು ಬಾ ಎಂದಳು. ಅವನು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದ. ಅವಳು ಪುಟ ತೆರೆದು ಆ ಸಾಲನ್ನು ಅಳಿಸಿದಳು. ಚಿಕ್ಕ ಅಂಕಿಯಲ್ಲಿ ಹತ್ತು ಸಾವಿರ ಬಂದು ಕೂತಿತು. ಅವನು ಬರುವಷ್ಟರಲ್ಲಿ ಪುಟ ಮೊದಲಿನಂತೆಯೇ ಇತ್ತು.

ಹತ್ತು ಸಾವಿರದಲ್ಲಿ ವಿಮಾನ ಮೂತಿ ಬಗ್ಗಿಸಿತು. ವೇಗ ಇನ್ನೂರ ಅರವತ್ತಾಯಿತು, ಎಂಬತ್ತಾಯಿತು, ಮುನ್ನೂರು ಮುಟ್ಟಿತು. ತಮ್ಮ ಆ ಅಂಕಿಯನ್ನೇ ನೋಡುತ್ತಿದ್ದ. ಅಕ್ಕನ ಕಡೆ ತಿರುಗಲಿಲ್ಲ. ಅವನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಅವಳಿಗೆ ಕಾಣುತ್ತಿತ್ತು.

“ಸರಿಹೋಯ್ತಲ್ಲ ಅಕ್ಕಾ,” ಅಂದ.

“ಹೂಂ.”

“ಏನಾಗಿತ್ತಂತೆ?”

“ಏನಿಲ್ಲ, ಎಲ್ಲೋ ಲೂಸ್ ಕನೆಕ್ಷನ್ ಇತ್ತು,” ಅಂದಳು.

ಅವನು ತಲೆಯಾಡಿಸಿದ. ಅಂದಿನ ಟ್ರಿಪ್ಪು ಮುಗಿಯಿತು. ಮಾರನೆಯ ದಿನದ್ದೂ ಮುಗಿಯಿತು. ಮತ್ತೆ ಅಂಕಿ ಹಾಕುವುದಕ್ಕೆ ಅವನಿಗೆ ಬೇಕಾದಷ್ಟು ಸಮಯವಿತ್ತು, ಹಾಕಲಿಲ್ಲ. ಮೂರನೆಯ ಸಂಜೆ ಇಬ್ಬರೂ ತಮ್ಮದೇ ಊರಿನ ಮೇಲೆ ಹಾರಿ ಬಂದರು. ಆಟದೊಳಗೆ ಅವರ ಬೀದಿ ಇತ್ತು, ಅಂಗಡಿ ಇರಬೇಕಾದ ಜಾಗದಲ್ಲಿ ಒಂದು ದೊಡ್ಡ ಮರವಿತ್ತು. ನಿನ್ನ ವಾರ್ನಿಷ್ ವಾಸನೆ ತಡೆಯಲಾರದೆ ಮರ ನೆಟ್ಟುಬಿಟ್ಟಿದ್ದಾರೆ ನೋಡು ಎಂದು ತಮ್ಮ ನಗಿಸಿದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಗೈ ಮೇಲೆ ಇಟ್ಟ ಹಾಗೆ ಮೆತ್ತಗೆ ಇಳಿಸಿದ. ಬೆಳಿಗ್ಗೆ ಎದ್ದು ಕ್ಷೌರ ಮಾಡಿಕೊಂಡು, ಚೀಲ ತಾನೇ ತುಂಬಿಕೊಂಡು, ಮೆಟ್ಟಿಲ ಮೇಲೆ ನಾಲ್ಕು ಕಡೆ ನಿಂತು ಇಳಿದು ಆಸ್ಪತ್ರೆಗೆ ಹೊರಟ. ಮಾತು ಅಂದರೆ ಮಾತು.

ಎರಡು ದಿನ ಪರೀಕ್ಷೆಗಳಾದವು. ಆಪರೇಷನ್ ದಿನ ಬೆಳಿಗ್ಗೆ ಅವನಿಗೆ ಹಸಿರು ಬಟ್ಟೆ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ವಾರ್ಡಿನವನು ಕಾಗದ ತರಲು ಹೋಗಿದ್ದ. ಅಕ್ಕ ಅವನ ಕಾಲಿನ ಮೇಲೆ ಹೊದಿಕೆ ಎಳೆಯುತ್ತಿದ್ದಳು.

“ಅಕ್ಕಾ, ಆ ಮೂವತ್ತೊಂಬತ್ತು ಸಾವಿರ ನಾನೇ ಹಾಕ್ತಿದ್ದೆ.”

“ಗೊತ್ತು ಕಣೋ.”

“ಗೊತ್ತು ಅಂತ ನಂಗೂ ಗೊತ್ತಾಯ್ತು.” ಅವನು ಸ್ವಲ್ಪ ಉಸಿರು ತೆಗೆದುಕೊಂಡ. “ಒಂದು ಮಾತು ಕೇಳ್ಬಾರ್ದಿತ್ತಾ?”

“ಕೇಳಿದ್ರೆ ನೀನು ಬರಲ್ಲ ಅಂದ್ಬಿಡ್ತಿದ್ದೆ.”

“ಇಲ್ಲ ಅಕ್ಕಾ, ಬರ್ತಿದ್ದೆ. ಹೆದರಿಕೆ ಆಗ್ತಿದೆ ಅಂತ ನಿನ್ನ ಹತ್ರ ಹೇಳ್ಕೊಂಡು ಬರ್ತಿದ್ದೆ. ನಂಗೆ ಅದನ್ನ ಶುರು ಮಾಡೋಕೆ ಬರ್ಲಿಲ್ಲ ಅಷ್ಟೆ.”

ಅವಳು ಅವನ ಕೈ ಹಿಡಿದುಕೊಂಡಳು. ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ವಾರ್ಡಿನವನು ಬಂದು ಮಂಚದ ಬ್ರೇಕು ಬಿಟ್ಟು ತಳ್ಳಿಕೊಂಡು ಹೊರಟ. ಬಾಗಿಲವರೆಗೆ ಅವಳೂ ಜೊತೆಗೆ ನಡೆದಳು. ಅಲ್ಲಿಂದ ಮುಂದೆ ಬಿಡಲಿಲ್ಲ.

ಆರು ಗಂಟೆ ಅವಳು ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರಮ್ಮ ಟೋಪಿ ಕೈಯಲ್ಲಿ ಹಿಡಿದು ಬಂದು ಪಕ್ಕದಲ್ಲೇ ಕೂತಾಗ, ನಿಂತು ಮಾತಾಡದೆ ಕೂತದ್ದಕ್ಕೇ ಅವಳಿಗೆ ತಿಳಿದುಹೋಯಿತು. ವಾಲ್ವು ಸರಿಯಾಗಿಯೇ ಕೂತಿತಂತೆ. ಹೃದಯ ತುಂಬ ದಣಿದಿತ್ತು, ಮತ್ತೆ ಬಡಿಯಲಾರೆ ಎಂದಿತು. ಐದು ವಾರ ಮೊದಲೇ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಅಕ್ಕ ಕೇಳಿದಳು. ಡಾಕ್ಟರಮ್ಮ ಒಳ್ಳೆಯ ಹೆಂಗಸು. ಹೇಳಲಾಗುವುದಿಲ್ಲ ಅಮ್ಮ, ಈಗ ಅದನ್ನು ಕೇಳಬೇಡಿ ಎಂದರು. ಆಪರೇಷನ್ ಮಾಡಿಸದೆ ಇದ್ದಿದ್ದರೆ ಇನ್ನೂ ಎಷ್ಟು ದಿನ ಇರುತ್ತಿದ್ದ ಎಂದು ಕೇಳಿದಳು. ಕೆಲವು ತಿಂಗಳು ಇರಬಹುದಿತ್ತು ಎಂದರು. ಅಂದರೆ ಆ ಸಾಲನ್ನು ಬೇಗ ಕಾಣದೆ ಹೋದದ್ದೂ ಅವಳೇ, ಕಂಡ ಮೇಲೆ ಅಳಿಸಿದ್ದೂ ಅವಳೇ. ಎರಡು ಕಡೆಯಿಂದಲೂ ಅದು ಅವಳನ್ನು ಇರಿಯಿತು, ಇಂದಿಗೂ ಇರಿಯುತ್ತಿದೆ. ಎರಡಕ್ಕಿಂತ ಹೆಚ್ಚಾಗಿ ಇರಿಯುವುದು ಅವನನ್ನು ಕೇಳದೆ ನಾಲಿಗೆ ತುದಿಯಲ್ಲೇ ಉಳಿದುಹೋದ ಆ ಒಂದು ಮಾತು.

ಒಂದೂವರೆ ತಿಂಗಳು ಅವಳು ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಲಿಲ್ಲ. ಕೆಳಗೆ ಅಂಗಡಿಯಲ್ಲಿ ಕೆಲಸ ಮಾಡಿದಳು, ಮಾಡಿದ್ದು ಒಂದೂ ಹಿಡಿಸಲಿಲ್ಲ. ಸಂಜೆ ಐದಕ್ಕೆ ಬಾಗಿಲೆಳೆದ ಮೇಲೆ ಮೇಲೆ ಹೋಗಲು ಮನಸ್ಸಾಗದೆ ಕತ್ತಲಾಗುವವರೆಗೆ ಕೊನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕಡೆಗೆ ಡಿಪೊದ ಗೆಳೆಯನಿಗೆ ಅವನ ವಸ್ತುಗಳನ್ನು ಮರಳಿಸೋಣವೆಂದು ಒಂದು ಭಾನುವಾರ ಬೆಳಿಗ್ಗೆ ಅದನ್ನು ಹಚ್ಚಿದಳು. ಮೇಷ್ಟ್ರ ಐದು ಪತ್ರಗಳು ಕಾದಿದ್ದವು. ಸಿಕ್ಕಿತೇ ಎಂದು ಕೇಳಿದ್ದರು. ಉತ್ತರವಿಲ್ಲದ್ದಕ್ಕೆ ಮತ್ತೆ ಕೇಳಿದ್ದರು. ಆ ಪುಟದಲ್ಲಿ ಒಂದು ಪದ್ಧತಿ ಇದೆಯಂತೆ: ಸಹಾಯ ಪಡೆದವರು ಕಡೆಗೆ ದೋಷ ಏನಿತ್ತು, ಹೇಗೆ ಸರಿಹೋಯಿತು ಎಂದು ಬರೆಯಬೇಕು, ಮುಂದೆ ಅದೇ ತೊಂದರೆಯಾದವರು ಬಂದು ಓದಿಕೊಳ್ಳುತ್ತಾರೆ. ದಯವಿಟ್ಟು ನಾಲ್ಕು ಸಾಲು ಬರೆಯಿರಿ ಎಂದು ಮೇಷ್ಟ್ರು ವಿನಯದಿಂದ ಕೇಳಿಕೊಂಡಿದ್ದರು.

ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂದೇ ಬೆರಳಲ್ಲಿ, ಅಳುತ್ತ, ಬರೆದಳು:

‘ವಿಮಾನದಲ್ಲಿ ಏನೂ ದೋಷ ಇರಲಿಲ್ಲ ಮೇಷ್ಟ್ರೇ. ನೀವು ಹೇಳಿದ ಮೂರನೆಯದೇ ಕಾರಣ. ಆ ಅಂಕಿಯನ್ನು ದಿನಾ ನನ್ನ ತಮ್ಮನೇ ಹಾಕುತ್ತಿದ್ದ. ಟ್ರಿಪ್ಪು ಮುಗಿದರೆ ಆಪರೇಷನ್ನಿಗೆ ಹೋಗಬೇಕಿತ್ತು, ಅವನಿಗೆ ಹೆದರಿಕೆಯಾಗಿತ್ತು. ನಾನು ಅವನಿಗೆ ಹೇಳದೆ ಅಳಿಸಿದೆ. ವಿಮಾನ ಸರಿಯಾಗಿ ಓಡಿತು. ತಮ್ಮ ಈಗ ಇಲ್ಲ. ಬೇರೆ ಯಾರಿಗಾದರೂ ಇದೇ ತೊಂದರೆ ಬಂದರೆ, ಯಂತ್ರ ಬಿಚ್ಚುವ ಮೊದಲು ಅದನ್ನು ಓಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾಕಪ್ಪಾ, ಹೋಗೋಕೆ ಮನಸ್ಸಿಲ್ವಾ ಅಂತ ಒಂದು ಮಾತು ಕೇಳಿ. ನಾನು ಕೇಳಲಿಲ್ಲ.’